ಸೀಟು ಸಿಕ್ಕಿತು, ರಿಯಾಜಿಗೆ ಜಾಗ ಎಲ್ಲಿ?

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ದ್ವಿತೀಯ ಪಿಯುಸಿ ಪರೀಕ್ಷೆಯ ವೇಳಾಪಟ್ಟಿ ನೋಟಿಸ್ ಬೋರ್ಡಿಗೆ ಬಂದಾಗ ನಾವೆಲ್ಲ ನಮ್ಮ ನಮ್ಮ ವಿಷಯದ ದಿನಾಂಕ ಮಾತ್ರ ಬರೆದುಕೊಂಡು ಹೋಗುತ್ತೇವೆ. ಒಮ್ಮೆ ನಿಂತು ಇಡೀ ಪಟ್ಟಿ ಓದಿ ನೋಡಿ. ಲೆಕ್ಕಶಾಸ್ತ್ರ, ಭೌತಶಾಸ್ತ್ರ, ಇತಿಹಾಸಗಳ ನಡುವೆ ‘ಕರ್ನಾಟಕ ಸಂಗೀತ’, ‘ಹಿಂದೂಸ್ತಾನಿ ಸಂಗೀತ’ ಎಂದು ಎರಡು ವಿಷಯಗಳು ಕಾಣುತ್ತವೆ. ಅವುಗಳಿಗೂ ಒಂದು ದಿನ, ಒಂದು ಸಮಯ, ಒಂದು ಪ್ರಶ್ನೆಪತ್ರಿಕೆ ಇದೆ. ಆ ಪರೀಕ್ಷೆ ಬರೆಯುವವರು ಯಾರು? ನಮ್ಮ ಕಾಲೇಜಿನಲ್ಲಿ ಈ ವಿಷಯಗಳಿಲ್ಲ. ಸಕಲೇಶಪುರ, ಆಲೂರು ಕಡೆಯ ನನ್ನ ಗೆಳತಿಯರನ್ನು ಕೇಳಿದೆ. ಅವರ ಕಾಲೇಜುಗಳಲ್ಲೂ ಇಲ್ಲ. ‘ಅಂಥದ್ದೊಂದು ಸಬ್ಜೆಕ್ಟ್ ಇದೆಯಾ?’ ಎಂದು ನನ್ನನ್ನೇ ತಿರುಗಿ ಕೇಳಿದರು.

ಸಬ್ಜೆಕ್ಟ್ ಮಾತ್ರವಲ್ಲ, ಅದನ್ನು ಮುಂದೆ ಓದಲು ರಾಜ್ಯದಲ್ಲಿ ಒಂದು ವಿಶ್ವವಿದ್ಯಾಲಯವೇ ಇದೆ. ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ 2009ರ ಕಾಯ್ದೆಯಿಂದ ಸ್ಥಾಪನೆಯಾಯಿತು. ಗಾಯನ, ವಾದ್ಯ, ನೃತ್ಯ, ನಾಟಕಗಳನ್ನು ಅಲ್ಲಿ ಪದವಿಗಾಗಿ ಓದಬಹುದು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಇದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಲಲಿತಕಲಾ ಕಾಲೇಜು ಇದೆ. ಅಂದರೆ ಬಾಗಿಲು ಇದೆ. ಆದರೆ ನಮ್ಮಂಥ ಊರಿನಿಂದ ಹೊರಟವರು ಆ ಬಾಗಿಲು ದಾಟಿದ ಮೇಲೆ ಎಲ್ಲಿ ಮಲಗಬೇಕು, ಯಾವ ವಾದ್ಯ ನುಡಿಸಬೇಕು, ಬೆಳಗಿನ ಐದು ಗಂಟೆಗೆ ಎಲ್ಲಿ ಕುಳಿತು ಹಾಡಬೇಕು?

ನಾನು ಹೇಳಬೇಕೆಂದಿರುವುದು ಇಷ್ಟೆ: ಸಂಗೀತದ ವಿದ್ಯಾರ್ಥಿಗೆ ಸೀಟು ಕೊಡುವುದು ಅರ್ಧ ಕೆಲಸ. ಹಿಂದೆ ಗುರುವಿನ ಮನೆ ಕೊಡುತ್ತಿದ್ದುದನ್ನೆಲ್ಲ ಈಗ ವಿಶ್ವವಿದ್ಯಾಲಯ ಕೊಡಬೇಕು. ಕೊಡದಿದ್ದರೆ ಸಂಗೀತದ ಡಿಗ್ರಿ, ಮನೆಯಲ್ಲಿ ಮೊದಲೇ ಸಂಗೀತವೂ ಅನುಕೂಲವೂ ಇದ್ದವರ ಡಿಗ್ರಿಯಾಗಿಯೇ ಉಳಿಯುತ್ತದೆ.

ಗುರುವಿನ ಮನೆ ಏನು ಕೊಡುತ್ತಿತ್ತು?

ಆ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಅವರಿಂದಲೇ ಶುರುಮಾಡೋಣ. ಗಂಗೂಬಾಯಿ ಹಾನಗಲ್ 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಅವರ ಶಾಲೆ ಪ್ರಾಥಮಿಕ ಹಂತಕ್ಕೇ ನಿಂತಿತು. ಶಾಲೆ ಬಿಟ್ಟ ಆ ಹುಡುಗಿ ಮುಂದೆ ಪದ್ಮವಿಭೂಷಣ ಪಡೆದರು, ಅವರ ಹೆಸರಿನಲ್ಲಿ ವಿಶ್ವವಿದ್ಯಾಲಯ ಬಂತು. ಅವರ ಗುರು ಸವಾಯಿ ಗಂಧರ್ವರು ಕುಂದಗೋಳದಲ್ಲಿದ್ದರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಪಾಠ ಮುಗಿಸಿ, ರಾತ್ರಿ ರೈಲಿನಲ್ಲಿ ವಾಪಸ್ ಬರುತ್ತಿದ್ದರು. ಅದೇ ಗುರುವಿನ ಬಳಿ ಕಲಿತ ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲೇ ಇದ್ದು, ಮನೆಗೆಲಸ ಮಾಡಿಕೊಂಡು, ನೀರು ಹೊತ್ತು ಕಲಿತರು.

ಆ ಸವಾಯಿ ಗಂಧರ್ವರಿಗೆ ಕಲಿಸಿದವರು ಯಾರು? ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್. ಮೈಸೂರು ಅರಮನೆಗೆ ಹಾಡಲು ಹೋಗಿಬರುವ ದಾರಿಯಲ್ಲಿ ಹುಬ್ಬಳ್ಳಿ, ಧಾರವಾಡದಲ್ಲಿ ತಂಗುತ್ತಿದ್ದ ಅವರಿಂದ ಕಿರಾನಾ ಗಾಯನ ನಮ್ಮ ನಾಡಿನಲ್ಲಿ ಬೇರೂರಿತು. 1910ರ ದಶಕದಲ್ಲಿ ಅವರು ಪುಣೆಯಲ್ಲಿ ಸಂಗೀತ ಶಾಲೆಯನ್ನೇ ನಡೆಸಿದರು. ಮಲ್ಲಿಕಾರ್ಜುನ ಮನಸೂರರು ಕಲಿತದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭೂರ್ಜಿ ಖಾನರಿಂದ. ಸಿತಾರದ ರಹಿಮತ್ ಖಾನ್ ಧಾರವಾಡದಲ್ಲಿ ನೆಲೆಸಿ ಅಲ್ಲೇ ಶಿಷ್ಯರನ್ನು ಬೆಳೆಸಿದರು, ಅವರ ಮೊಮ್ಮಗ ಬಾಲೇಖಾನ್ ಆ ಸಿತಾರವನ್ನು ನಮ್ಮ ಕಾಲದವರೆಗೆ ತಂದರು. ಉಸ್ತಾದರ ಮನೆಯ ಬಾಗಿಲು ಶಿಷ್ಯನ ಜಾತಿ, ಧರ್ಮ ಕೇಳಲಿಲ್ಲ. ಶಿಷ್ಯನ ಮನೆಯವರೂ ಉಸ್ತಾದರ ಧರ್ಮ ಕೇಳಲಿಲ್ಲ. ಇದು ನಮ್ಮ ಕಾಲೇಜಿನಲ್ಲಿ ಓದುವ ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ.

ಇನ್ನು ಗದಗದ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು. ಕಣ್ಣಿಲ್ಲದ ಮಕ್ಕಳನ್ನು, ಬಡ ಮಕ್ಕಳನ್ನು ಆಶ್ರಮದಲ್ಲಿಟ್ಟುಕೊಂಡು ಊಟ ಹಾಕಿ ಸಂಗೀತ ಕಲಿಸಿದರು. ಖರ್ಚಿಗೆ ನಾಟಕ ಕಂಪನಿ ಕಟ್ಟಿದರು, ಭಕ್ತರು ಕೊಟ್ಟ ಕಾಣಿಕೆಯಿಂದ ಅಡುಗೆಮನೆ ನಡೆಸಿದರು. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು.

ವಾಣಿಜ್ಯ ವಿಭಾಗದವಳಾಗಿ ನಾನು ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳುತ್ತೇನೆ. ಗುರುವಿನ ಮನೆ ಪಾಠ ಮಾತ್ರ ಕೊಡುತ್ತಿರಲಿಲ್ಲ. ಊಟ ಕೊಡುತ್ತಿತ್ತು, ಮಲಗಲು ಜಾಗ ಕೊಡುತ್ತಿತ್ತು. ಗುರುವಿನ ತಂಬೂರಿಯೇ ಶಿಷ್ಯನ ತಂಬೂರಿ. ಮನೆಗೆ ಬಂದ ತಬಲಾದವರು ಶಿಷ್ಯನಿಗೂ ಸಾಥ್ ಕೊಡುತ್ತಿದ್ದರು. ಕೂಗಿ ಅಭ್ಯಾಸ ಮಾಡಿದರೆ ‘ಸದ್ದು ಮಾಡಬೇಡ’ ಎನ್ನುವವರು ಅಲ್ಲಿರಲಿಲ್ಲ. ಇವೆಲ್ಲ ಖರ್ಚುಗಳೇ. ಯಾರೂ ಪುಸ್ತಕದಲ್ಲಿ ಬರೆಯಲಿಲ್ಲ ಅಷ್ಟೆ. ಅದಕ್ಕೆ ಪ್ರತಿಯಾಗಿ ಶಿಷ್ಯ ವರ್ಷಗಟ್ಟಲೆ ದುಡಿಯುತ್ತಿದ್ದ. ಆ ಪದ್ಧತಿಯಲ್ಲಿ ಕಷ್ಟವೂ ಇತ್ತು, ಗುರುವಿಗೆ ಮನಸ್ಸು ಬಂದಾಗ ಮಾತ್ರ ಪಾಠ ಎಂಬ ಸ್ಥಿತಿಯೂ ಇತ್ತು. ಆದ್ದರಿಂದ ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ವಿಶ್ವವಿದ್ಯಾಲಯ ಬಂದಾಗ ಪಾಠ, ಪರೀಕ್ಷೆ, ಪ್ರಮಾಣಪತ್ರಗಳನ್ನು ಅದು ವಹಿಸಿಕೊಂಡಿತು. ಉಳಿದ ಖರ್ಚುಗಳನ್ನು ವಹಿಸಿಕೊಳ್ಳುವವರು ಯಾರು ಎಂಬುದು ನನ್ನ ಪ್ರಶ್ನೆ.

ಬೀಕರು ಯಾರೂ ಮನೆಯಿಂದ ತರುವುದಿಲ್ಲ

ನಮ್ಮ ವಿಜ್ಞಾನ ವಿಭಾಗದ ಗೆಳೆಯರು ಲ್ಯಾಬಿಗೆ ಹೋಗುವಾಗ ಬೀಕರು, ಬ್ಯುರೆಟ್ಟು, ಸೂಕ್ಷ್ಮದರ್ಶಕಗಳನ್ನು ಮನೆಯಿಂದ ತರುವುದಿಲ್ಲ. ತರಬೇಕು ಎಂದರೆ ಯಾರೂ ಒಪ್ಪುವುದಿಲ್ಲ. ಸಂಗೀತದ ವಿದ್ಯಾರ್ಥಿ ಮಾತ್ರ ತನ್ನ ವಾದ್ಯ ತಾನೇ ತರಲಿ ಎಂದರೆ ನಮಗೆ ಅದು ಸಹಜ ಎನಿಸುತ್ತದೆ. ಸಂಗೀತ ವಿಭಾಗಕ್ಕೆ ವಾದ್ಯವೇ ಲ್ಯಾಬು. ಗ್ರಂಥಾಲಯದಿಂದ ಪುಸ್ತಕ ಪಡೆದ ಹಾಗೆ ಕಾರ್ಡು ತೋರಿಸಿ ತಬಲಾ, ಹಾರ್ಮೋನಿಯಂ, ಸಿತಾರ, ವೀಣೆಗಳನ್ನು ಎರವಲು ಪಡೆಯುವಂತಿರಬೇಕು.

ಮಲೆನಾಡಿನವರಿಗೆ ಇನ್ನೊಂದು ತೊಂದರೆ ಗೊತ್ತು. ಮುಂಗಾರಿನಲ್ಲಿ ನಮ್ಮಲ್ಲಿ ತೊಳೆದ ಬಟ್ಟೆಯೇ ದಿನಗಟ್ಟಲೆ ಒಣಗುವುದಿಲ್ಲ. ತಬಲಾದ ಚರ್ಮ ಹೇಗೆ ಬಿಗಿಯಾಗಿ ನಿಂತೀತು? ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ದಫ್ ಬಾರಿಸುವವರು ಕಾರ್ಯಕ್ರಮಕ್ಕೆ ಮೊದಲು ಅದನ್ನು ಬೆಂಕಿಯ ಹತ್ತಿರ ಹಿಡಿದು ಕಾಯಿಸುವುದು ಇದೇ ಕಾರಣಕ್ಕೆ. ವಾದ್ಯ ಕೊಂಡರೆ ಮುಗಿಯಲಿಲ್ಲ, ಅದನ್ನು ರಿಪೇರಿ ಮಾಡಿಸುತ್ತಲೇ ಇರಬೇಕು. ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಸವಕಳಿ ಮತ್ತು ನಿರ್ವಹಣಾ ವೆಚ್ಚ ಎನ್ನುತ್ತೇವೆ. ಒಬ್ಬ ವಿದ್ಯಾರ್ಥಿಗೆ ಇದು ಹೊರೆ, ನೂರು ಜನರ ಸಂಸ್ಥೆಗೆ ಒಂದು ಸಣ್ಣ ರಿಪೇರಿ ಕೋಣೆ ಸಾಕು.

ಎರಡನೆಯದು ಅಭ್ಯಾಸದ ಜಾಗ. ನಾವು ರಾತ್ರಿ ಓದುವಾಗ ಪಕ್ಕದವರಿಗೆ ತೊಂದರೆಯಿಲ್ಲ. ಹಾಡುವವರ ಓದು ಪಕ್ಕದ ಮನೆಗೆ ಕೇಳುತ್ತದೆ. ಹಾಸ್ಟೆಲಿನ ನಾಲ್ಕು ಮಂಚದ ಕೋಣೆಯಲ್ಲಿ ಬೆಳಗಿನ ಜಾವ ಷಡ್ಜ ಹಿಡಿದು ಕುಳಿತರೆ ಉಳಿದ ಮೂವರು ದಿಂಬು ಎಸೆಯುತ್ತಾರೆ. ತೋಟದ ಲೈನ್ ಮನೆಗಳಲ್ಲಿ ಬೆಳೆದವರಿಗೆ ಗೋಡೆ ಎಷ್ಟು ತೆಳು ಎಂದು ಹೇಳಬೇಕಾಗಿಲ್ಲ. ಆದ್ದರಿಂದ ಬೆಳಗಿನಿಂದ ರಾತ್ರಿವರೆಗೆ ತೆರೆದಿರುವ, ಹುಡುಗಿಯರೂ ಹೆದರದೆ ಕುಳಿತುಕೊಳ್ಳಬಹುದಾದ ಸಣ್ಣ ಸಣ್ಣ ರಿಯಾಜ್ ಕೋಣೆಗಳು ಸಂಗೀತ ವಿದ್ಯಾರ್ಥಿಗೆ ಮೊದಲ ಅಗತ್ಯ.

ಮೂರನೆಯದು ಸಾಥ್. ಗಾಯಕಿ ತಬಲಾ ಇಲ್ಲದೆ ಖಯಾಲ್ ಕಲಿಯಲಾರಳು. ಶ್ರುತಿಗೆ ಈಗ ಮೊಬೈಲ್ ಇದೆ. ಅದಕ್ಕೂ ಮೊದಲು ಬೆಂಗಳೂರಿನ ಎಂಜಿನಿಯರ್ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಯಾರಿಸಿ ಒಂಟಿಯಾಗಿ ಅಭ್ಯಾಸ ಮಾಡುವವರಿಗೆ ದೊಡ್ಡ ಉಪಕಾರ ಮಾಡಿದರು. ಆದರೆ ಯಂತ್ರದ ತಬಲಾ ನಾವು ತಪ್ಪಿದರೆ ನಿಲ್ಲುವುದಿಲ್ಲ, ನಮ್ಮ ಕಡೆ ನೋಡಿ ನಗುವುದೂ ಇಲ್ಲ. ಮನುಷ್ಯರೇ ಬೇಕು. ಗಾಯನದವರನ್ನೂ ತಬಲಾದವರನ್ನೂ ವಾರದಲ್ಲಿ ಇಷ್ಟು ಗಂಟೆ ಎಂದು ಜೋಡಿ ಮಾಡಿ ಟೈಮ್ ಟೇಬಲ್ ಹಾಕಿದರೆ ಹೆಚ್ಚು ಖರ್ಚಿಲ್ಲದೆ ಇಬ್ಬರಿಗೂ ಲಾಭ.

ಗಂಟಲು, ಕೈಬೆರಳುಗಳ ಆರೋಗ್ಯವೂ ಇದರಲ್ಲಿ ಸೇರುತ್ತದೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿಯೇ ಬದಲಾಯಿತು. ಆ ಗಡಸು ದನಿಯಲ್ಲೇ ಅವರು ಹೊಸ ದಾರಿ ಮಾಡಿಕೊಂಡರು. ಎಲ್ಲರಿಂದ ಅದು ಆಗುವುದಿಲ್ಲ. ಕ್ರೀಡಾಪಟುಗಳಿಗೆ ವೈದ್ಯರಿರುವ ಹಾಗೆ ಹಾಡುವವರಿಗೂ ಗಂಟಲಿನ ವೈದ್ಯರ ಸಲಹೆ ಸಿಗಬೇಕು.

ಹಣದ ನೆರವು ಯಾರಿಗೆ ಸಿಗುತ್ತದೆ?

ನೆರವು ಇಲ್ಲವೇ ಇಲ್ಲ ಎಂದಲ್ಲ. ಕೇಂದ್ರದ ಸಿಸಿಆರ್‌ಟಿ ಸಂಸ್ಥೆ 10ರಿಂದ 14 ವರ್ಷದ ಮಕ್ಕಳಿಗೆ ಪ್ರತಿಭಾ ವಿದ್ಯಾರ್ಥಿವೇತನ ಕೊಡುತ್ತದೆ: ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳ ಶುಲ್ಕಕ್ಕೆ 9,000 ರೂಪಾಯಿವರೆಗೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ: ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಒಟ್ಟು 1,20,000 ರೂಪಾಯಿ. ಒಳ್ಳೆಯ ಮೊತ್ತವೇ. ಆದರೆ ಅದಕ್ಕೆ ಅರ್ಜಿ ಹಾಕಲು ಕನಿಷ್ಠ 5 ವರ್ಷ ಗುರುಗಳ ಬಳಿ ಅಥವಾ ಸಂಸ್ಥೆಯಲ್ಲಿ ಕಲಿತಿರಬೇಕು.

ಈ ಎರಡನ್ನೂ ಒಟ್ಟಿಗೆ ಓದಿ. 14 ವರ್ಷದ ಒಳಗೆ ಯಾರೋ ಗುರುತಿಸಿ ಅರ್ಜಿ ಹಾಕಿಸಿರಬೇಕು, ಇಲ್ಲವೇ 18 ಆಗುವಷ್ಟರಲ್ಲಿ ಐದು ವರ್ಷ ಕಲಿತಿರಬೇಕು. ಹಾನಬಾಳು, ಹೆತ್ತೂರು ಕಡೆಯ ತೋಟದಲ್ಲಿ ಬೆಳೆದು, ಶಾಲೆಯ ಪ್ರಾರ್ಥನೆಯಲ್ಲೋ ಮಿಲಾದ್ ಕಾರ್ಯಕ್ರಮದ ನಾತ್ ಸ್ಪರ್ಧೆಯಲ್ಲೋ ಹಾಡಿ ‘ದನಿ ಚೆನ್ನಾಗಿದೆ’ ಎನಿಸಿಕೊಂಡು, ಹದಿನೇಳಕ್ಕೆ ಕಲಿಯಬೇಕು ಎಂದುಕೊಂಡವರು ಎರಡರ ನಡುವೆ ಬೀಳುತ್ತಾರೆ. ಅವರಿಗೆ ಉಳಿಯುವುದು ಎಲ್ಲ ಕೋರ್ಸಿನವರಿಗೂ ಇರುವ ಸಾಮಾನ್ಯ ನೆರವು: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆಂದು ತಿಂಗಳ ಲೆಕ್ಕದಲ್ಲಿ ಕೊಡುವ ವಿದ್ಯಾಸಿರಿ. ಅರಿವು ಸಾಲ ಯೋಜನೆ ವೃತ್ತಿಪರ ಕೋರ್ಸುಗಳವರಿಗೆ. ಮೈಸೂರಿನಲ್ಲಿ ಆ ಹಣಕ್ಕೆ ಊಟ, ವಸತಿ ಎರಡೂ ಆಗುವುದಿಲ್ಲ ಎಂದು ಅಲ್ಲಿ ಓದುತ್ತಿರುವ ಅಣ್ಣ-ಅಕ್ಕಂದಿರನ್ನು ಕೇಳಿದರೆ ಹೇಳುತ್ತಾರೆ.

ನನಗೆ ಗೊತ್ತಿರುವ ಒಬ್ಬ ಆಪಾ ಇದ್ದಾರೆ. ತಂದೆ ಕಾಫಿ ತೋಟದಲ್ಲಿ ರೈಟರ್. ಆಪಾಗೆ ಸಂಗೀತ ಓದುವ ಆಸೆ, ಮನೆಯಲ್ಲೂ ಒಪ್ಪಿಗೆ ಸಿಕ್ಕಿತ್ತು. ಒಂದು ಸಂಸ್ಥೆಗೆ ಫೋನ್ ಮಾಡಿ, ‘ಹುಡುಗಿಯರಿಗೆ ಹಾಸ್ಟೆಲ್ ಸಿಗುತ್ತದೆಯೇ?’ ಎಂದು ಕೇಳಿದರು. ‘ಮೊದಲು ಅಡ್ಮಿಷನ್ ಆಗಿ, ಆಮೇಲೆ ನೋಡೋಣ’ ಎಂಬ ಉತ್ತರ ಬಂತು. ಅವರ ಅಬ್ಬಾ ಹೇಳಿದ್ದು: ‘ಮಗಳು ಮಲಗುವ ಜಾಗ ಯಾವುದು ಅಂತ ಮೊದಲು ಹೇಳಲಿ, ಆಮೇಲೆ ದುಡ್ಡು ಕಟ್ಟೋಣ.’ ಆಪಾ ಈಗ ಹಾಸನದಲ್ಲಿ ಬಿ.ಕಾಂ. ಓದುತ್ತಿದ್ದಾರೆ. ಆ ಫೋನಿನಲ್ಲಿ ಮಾತನಾಡಿದವರು ಕೆಟ್ಟವರಲ್ಲ, ಅಬ್ಬಾ ಹಟಮಾರಿಯೂ ಅಲ್ಲ. ಸಕಲೇಶಪುರದಿಂದ ಮೈಸೂರಿಗೆ ಸುಮಾರು 150 ಕಿಲೋಮೀಟರ್. ಹುಬ್ಬಳ್ಳಿ-ಕುಂದಗೋಳದ ಹಾಗೆ ದಿನಾ ರೈಲಿನಲ್ಲಿ ಹೋಗಿ ಬರುವ ದೂರ ಅಲ್ಲ. ಒಂದು ಹಾಸ್ಟೆಲ್ ಮಂಚದ ಉತ್ತರ ಒಂದು ತಿಂಗಳು ಮೊದಲೇ ಸಿಕ್ಕಿದ್ದರೆ ಅವರ ಓದು ಬೇರೆಯಾಗುತ್ತಿತ್ತು.

ಮನೆಯ ಮಾತು

ಇದನ್ನು ಓದುತ್ತಿರುವ ಕೆಲವರಿಗೆ ಈಗಾಗಲೇ ಒಂದು ಪ್ರಶ್ನೆ ಬಂದಿರಬಹುದು: ‘ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಸಂಗೀತದ ಮಾತೇಕೆ?’ ನಮ್ಮ ಮನೆಗಳಲ್ಲಿ ಈ ಬಗ್ಗೆ ಒಂದೇ ಅಭಿಪ್ರಾಯವಿಲ್ಲ. ವಾದ್ಯವೇ ಬೇಡ ಎನ್ನುವವರಿದ್ದಾರೆ. ನಾತ್ ಮತ್ತು ದಫ್ ಸರಿ, ಅದರಾಚೆಗೆ ಬೇಡ ಎನ್ನುವವರಿದ್ದಾರೆ. ಉರೂಸಿನಲ್ಲಿ ರಾತ್ರಿಯಿಡೀ ಖವ್ವಾಲಿ ಕೇಳುವವರೂ ಇದ್ದಾರೆ. ಅದನ್ನು ತೀರ್ಮಾನ ಮಾಡುವ ವಿದ್ಯೆ, ವಯಸ್ಸು ಎರಡೂ ನನಗಿಲ್ಲ. ಪ್ರತಿ ಮನೆ ತನ್ನ ಹಿರಿಯರನ್ನು ಕೇಳಿ ತೀರ್ಮಾನಿಸಲಿ. ಮನೆಯವರು ಬೇಡ ಎಂದರೆ ಅದು ಬೇರೆ ಮಾತು. ಮನೆಯವರು ಹೂಂ ಎಂದ ಮೇಲೂ ಊರು, ದೂರ, ದುಡ್ಡಿನ ಕಾರಣಕ್ಕೆ ಒಬ್ಬರು ಹಿಂದೆ ಸರಿಯಬೇಕಾಗಿ ಬಂದರೆ ಅದು ಶಿಕ್ಷಣದ ಪ್ರಶ್ನೆ. ಅದು ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲ ಮನೆಯ ಮಕ್ಕಳದೂ ಹೌದು.

‘ಕೆಲಸ ಸಿಗುತ್ತದೆಯೇ?’ ಎಂಬುದು ಇನ್ನೊಂದು ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಶಾಲೆಗಳಲ್ಲಿ ಕಲಿಸುವುದು, ಆಕಾಶವಾಣಿಯ ಧ್ವನಿಪರೀಕ್ಷೆ, ರೆಕಾರ್ಡಿಂಗ್, ಸ್ವಂತ ತರಗತಿ, ಹೀಗೆ ದಾರಿಗಳಿವೆ, ಆದರೆ ಒಂದೂ ಖಾತ್ರಿಯಲ್ಲ. ಅದಕ್ಕೇ ಸಂಗೀತದ ವಿದ್ಯಾರ್ಥಿಗೆ ರಾಗದ ಜೊತೆ ವ್ಯವಹಾರವನ್ನೂ ಕಲಿಸಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಹಾಡುವವರಿಗೂ ನುಡಿಸುವವರಿಗೂ ‘ಪ್ರದರ್ಶಕರ ಹಕ್ಕು’ ಕೊಡುತ್ತದೆ, ಅದು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ಆ ಹಕ್ಕನ್ನು ಇನ್ನೂ ಬಲಪಡಿಸಿತು. ಇದು ಗೊತ್ತಿಲ್ಲದ ಕಲಾವಿದರು ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿಬಿಡುತ್ತಾರೆ. ಇಲ್ಲಿ ನಮ್ಮ ವಾಣಿಜ್ಯ ವಿಭಾಗದವರಿಗೂ ಕೆಲಸ ಇದೆ. ಕರಾರು ಓದುವುದು, ಬಿಲ್ ಬರೆಯುವುದು, ಲೆಕ್ಕ ಇಡುವುದು ನಮ್ಮ ವಿದ್ಯೆ ತಾನೆ?

ಏನು ಮಾಡಬಹುದು?

ಸಂಗೀತ ಕಲಿಸುವ ವಿಶ್ವವಿದ್ಯಾಲಯಗಳಿಗೆ ನನ್ನ ಕೋರಿಕೆ ನಾಲ್ಕು.

ಒಂದು, ಹಾಸ್ಟೆಲ್ ಸೀಟನ್ನು ಪ್ರವೇಶದ ಪಟ್ಟಿಯ ಜೊತೆಯಲ್ಲೇ ಪ್ರಕಟಿಸಲಿ. ಎರಡು, ವಾದ್ಯಗಳ ಎರವಲು ಭಂಡಾರ ಮತ್ತು ಹೆಚ್ಚು ಹೊತ್ತು ತೆರೆದಿರುವ ರಿಯಾಜ್ ಕೋಣೆಗಳು ಇರಲಿ. ಮೂರು, ಐದು ವರ್ಷ ಕಲಿತು ಬರದವರಿಗೆ ಒಂದು ವರ್ಷದ ಅಡಿಪಾಯ ಕೋರ್ಸ್ ಇರಲಿ. ದನಿ, ಲಯ, ಕಿವಿ ನೋಡಿ ಅದಕ್ಕೆ ಸೇರಿಸಿಕೊಳ್ಳಲಿ. ಆ ವರ್ಷಕ್ಕೂ ವಿದ್ಯಾರ್ಥಿವೇತನ ಸಿಗಲಿ. ನಾಲ್ಕು, ಆಯ್ಕೆಯ ಪರೀಕ್ಷೆಯನ್ನು ಜಿಲ್ಲಾ ಕೇಂದ್ರಗಳಿಗೂ ತರಲಿ. ಹಾಸನಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ಇದು ಆಗದ ಮಾತೇನಲ್ಲ. ಕೋಲ್ಕತ್ತದ ಐಟಿಸಿ ಸಂಗೀತ ರಿಸರ್ಚ್ ಅಕಾಡೆಮಿಯಲ್ಲಿ ಗುರುಗಳೂ ಶಿಷ್ಯರೂ ಒಂದೇ ಆವರಣದಲ್ಲಿದ್ದು, ಶಿಷ್ಯರು ವೇತನ ಪಡೆದು ಕಲಿಯುತ್ತಾರೆ. ನಮ್ಮ ಹುಬ್ಬಳ್ಳಿಯಲ್ಲೇ ಗಂಗೂಬಾಯಿಯವರ ಹೆಸರಿನ ಗುರುಕುಲ ವಸತಿ ಸಹಿತ ಪಾಠದ ಮಾದರಿಯಲ್ಲಿದೆ. ಅಲ್ಲಿ ಕೆಲವರಿಗೆ ಸಿಗುವುದನ್ನು ಪದವಿ ಓದುವ ಎಲ್ಲರಿಗೂ ಸಿಗುವಂತೆ ಮಾಡುವುದು ಮುಂದಿನ ಹೆಜ್ಜೆ.

ನಮ್ಮ ಕಾಲೇಜಿಗೂ ಸಣ್ಣ ಕೋರಿಕೆಗಳಿವೆ. ಪ್ರತಿ ವರ್ಷ ನಡೆಯುವ ವೃತ್ತಿ ಮಾರ್ಗದರ್ಶನದಲ್ಲಿ ಸಿಎ, ನೀಟ್, ಸಿಇಟಿ ಜೊತೆ ಲಲಿತಕಲೆಗಳ ಕೋರ್ಸುಗಳಿಗೂ ಹತ್ತು ನಿಮಿಷ ಇರಲಿ. ಆಸಕ್ತಿ ಇರುವವರಿಗೆ ಎಸ್‌ಎಸ್‌ಪಿ ಪೋರ್ಟಲಿನ ಅರ್ಜಿ ತುಂಬಲು, ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಶಿಷ್ಯವೇತನದ ಪ್ರಕಟಣೆ ನೋಡಲು ಒಬ್ಬ ಉಪನ್ಯಾಸಕರು ನೆರವಾಗಲಿ. ಸಂಜೆ ತರಗತಿ ಮುಗಿದ ಮೇಲೆ ಒಂದು ಕೋಣೆಯ ಬೀಗದ ಕೈ ಅರ್ಧ ಗಂಟೆ ಸಿಗಲಿ. 1977ರಿಂದ ಶಾಲಾ-ಕಾಲೇಜುಗಳಲ್ಲಿ ಶಾಸ್ತ್ರೀಯ ಸಂಗೀತ ಕೇಳಿಸುತ್ತಿರುವ ಸ್ಪಿಕ್ ಮೆಕೆ ಸಂಸ್ಥೆಗೆ ಹಾಸನ ಜಿಲ್ಲೆಯ ಕಾಲೇಜುಗಳು ಸೇರಿ ಒಂದು ಪತ್ರ ಬರೆಯಬಹುದು. ಕೇಳಿದವರೆಲ್ಲ ಕಲಾವಿದರಾಗಬೇಕಿಲ್ಲ, ಒಳ್ಳೆಯ ಕೇಳುಗರಾದರೂ ಸಾಕು.

ನಾನು ಹಾಡುವವಳಲ್ಲ. ಬಿ.ಕಾಂ. ಸೇರಿ ಮುಂದೆ ಸಿಎ ಮಾಡಬೇಕೆಂದಿದ್ದೇನೆ. ನನಗೆ ಬೇಕಾದ ಪುಸ್ತಕ, ಕೋಚಿಂಗು, ಹಾಸ್ಟೆಲ್ ಯಾವುದು, ಎಷ್ಟು ಎಂದು ಕೇಳಿದರೆ ಹತ್ತು ಜನ ಹೇಳುತ್ತಾರೆ. ಸಂಗೀತ ಓದುತ್ತೇನೆ ಎನ್ನುವವರಿಗೂ ಅಷ್ಟೇ ಸ್ಪಷ್ಟವಾದ ಉತ್ತರ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಒಪ್ಪುವವರು ಈ ವಾರವೇ ನಿಮ್ಮ ತರಗತಿಯಲ್ಲಿ ಚೆನ್ನಾಗಿ ಹಾಡುವವರು ಯಾರು, ಅವರು ಮುಂದೆ ಏನು ಓದಬೇಕೆಂದಿದ್ದಾರೆ ಎಂದು ಕೇಳಿ ನೋಡಿ.